ನದಿ ದಾಟಲು ಚಿಕ್ಕ ಮೋಟಾರ್ ದೋಣಿ: ಎಷ್ಟು ಸೀಟು, ಯಾವ ಎಂಜಿನ್?

ಈ ವಾರ ಬೆಳೆ, ಗೊಬ್ಬರ ಬಿಟ್ಟು ದೋಣಿ ವಿಷಯಕ್ಕೆ ಬಂದಿದ್ದೇನೆ. ನೊರೆ ಚಿಮ್ಮಿಸುತ್ತ ಓಡುವ ಸಣ್ಣ ಜೆಟ್ ದೋಣಿಗಳ ವಿಡಿಯೊ ಕಳಿಸಿ, "ಸರ್, ನಾವು ಎಂಟು ಹತ್ತು ಮಂದಿ ಕೂಡಿ ಇಂಥದ್ದೊಂದು ತಗೊಂಡ್ರ ಹೆಂಗ್ರಿ? ಎರಡು ಸೀಟಿಂದೋ, ಮೂರು ಸೀಟಿಂದೋ? ಎಷ್ಟು ಎಚ್‌ಪಿ ಬೇಕು?" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ರಾಯಚೂರು ತಾಲೂಕಿನ ಕೃಷ್ಣಾ ನಡುಗಡ್ಡೆಗಳ ಹುಡುಗರು, ದೇವದುರ್ಗದ ಗೂಗಲ್, ಕೊಪ್ಪರದ ಕಡೆಯವರು, ಮಾನ್ವಿಯಲ್ಲಿ ತುಂಗಭದ್ರೆಯ ದಂಡೆಗೆ ಹೊಲ ಇರುವವರು ಎಲ್ಲರದೂ ಇದೇ ಪ್ರಶ್ನೆ. ಹೊಳೆ ಆಚೆ ಹೊಲ ಇದ್ದವರಿಗೆ ಇದು ಶೋಕಿ ಮಾತಲ್ಲ. ನಾಟಿಗೆ ಹೆಣ್ಣಾಳುಗಳನ್ನು ದಾಟಿಸಬೇಕು, ಯೂರಿಯಾ ಚೀಲ ಒಯ್ಯಬೇಕು, ಹೊಳೆ ಏರುವ ಸುದ್ದಿ ಬಂದರೆ ರಾತ್ರೋರಾತ್ರಿ ಪಂಪ್‌ಸೆಟ್ ಎತ್ತಿ ತರಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ದಿನದ ಕೆಲಸಕ್ಕೆ ಜೆಟ್ ಬೇಡ. ಅಗಲ ತಳದ ದೋಣಿ, ತಗ್ಗಿನ ಹಲಗೆ ಸೀಟು, ಕೈಯಲ್ಲೇ ತಿರುಗಿಸುವ ಸಣ್ಣ ಎಂಜಿನ್, ನಮ್ಮ ಹೊಳೆಗೆ ಇಷ್ಟು ಸಾಕು. ಆದರೆ ಯಾಕೆ ಅಂತ ತಿಳಿಯದೆ ಇದನ್ನು ಒಪ್ಪಬೇಡಿ. ಮಾರುವವರು ಸೀಟು, ಎಚ್‌ಪಿ ಎರಡೇ ಮಾತು ಹೇಳ್ತಾರೆ. ಕೊಳ್ಳುವವರು ಬೇರೆ ಎರಡು ಲೆಕ್ಕ ಹಾಕಬೇಕಾಗುತ್ತದೆ.

ಸೀಟಿನ ಲೆಕ್ಕ ಬಿಡಿ, ಕಿಲೋ ಲೆಕ್ಕ ಹಿಡಿಯಿರಿ

ವಿಡಿಯೊಗಳಲ್ಲಿ ಹೆಚ್ಚು ಓಡಾಡುವ ಒಂದು ವಾಹನವನ್ನೇ ತಗೊಳ್ಳೋಣ. ಕೆನಡಾದ ಸೀ-ಡೂ ಕಂಪನಿಯ ಸ್ಪಾರ್ಕ್. ನಿಜ ಹೇಳಬೇಕಂದ್ರೆ ಅದು ದೋಣಿಯಲ್ಲ, ನೀರಿನ ಮೇಲಿನ ಬೈಕು. ಆದರೆ ಒಳಗಿರುವ ಪಂಪು ಜೆಟ್ ದೋಣಿಯದೇ. ಅದು ಎರಡು ಸೀಟಿನದು, ಮೂರು ಸೀಟಿನದು ಅಂತ ಎರಡು ಥರ ಬಂದಿದೆ. ಎಂಜಿನ್ 60 ಎಚ್‌ಪಿ, 90 ಎಚ್‌ಪಿ. ಎರಡಕ್ಕೂ ಉದ್ದದಲ್ಲಿ ಒಂದು ಅಡಿಯಷ್ಟೂ ವ್ಯತ್ಯಾಸ ಇಲ್ಲ. ಎರಡು ಸೀಟಿನದು ಹೊರುವ ಭಾರ 160 ಕೆಜಿ, ಮೂರು ಸೀಟಿನದು 205 ಕೆಜಿ. ಅಂದ್ರೆ ಮೂರನೇ ಸೀಟಿಗೆ ಸಿಕ್ಕಿದ್ದು 45 ಕೆಜಿ, ಬರೀ ಒಂದು ಯೂರಿಯಾ ಚೀಲದ ತೂಕ!

ಈಗ ನಮ್ಮ ಲೆಕ್ಕ ಹಾಕ್ರಿ. 65 ಕೆಜಿಯ ಇಬ್ಬರು ಕೂತರೆ 130. ನಮ್ಮ ಕಡೆಯ ಒಂದು ಭತ್ತದ ಚೀಲ 75. ಅಲ್ಲಿಗೆ 205 ಮುಗೀತು. ಕಾಗದದ ಮೇಲೆ ಮೂರು ಸೀಟು, ಹೊಳೆಯಲ್ಲಿ ಇಬ್ಬರು ಮತ್ತು ಒಂದು ಚೀಲ. ಆ ಚೀಲ ಇಡೋದಕ್ಕೂ ಅದರಲ್ಲಿ ಜಾಗ ಇಲ್ಲ, ಯಾಕಂದ್ರೆ ನೆಲವೇ ಇಲ್ಲ. ಹಿಂದಿನವರ ತೊಡೆ ಮೇಲೆ ಇಡಬೇಕು. ಇದಕ್ಕೆ ಒಂದು ಟ್ರ್ಯಾಕ್ಟರಿನ ದುಡ್ಡು ಹಾಕ್ತೀರಾ?

15–16 ಅಡಿಯ ಫೈಬರ್ ದೋಣಿಗೂ ಇದೇ ಲೆಕ್ಕ. ದೋಣಿಯ ಹಿಂಬದಿಯಲ್ಲಿ ತಯಾರಕರು ಒಂದು ಫಲಕ ಹೊಡೆದಿರಬೇಕು. ಅದರಲ್ಲಿ 500 ಕೆಜಿ ಅಂತ ಇದೆ ಅನ್ನಿ. ಅದು ಜನರ ತೂಕವೋ, ಎಂಜಿನ್ ಸೇರಿಯೋ ಅಂತ ಮೊದಲು ಕೇಳಿ. ಎಂಜಿನ್ ಸೇರಿ ಅಂದರೆ 9.9 ಎಚ್‌ಪಿ ಎಂಜಿನ್ 45 ಕೆಜಿ ತೆಗೀರಿ. 20 ಲೀಟರ್ ಪೆಟ್ರೋಲ್ ಮತ್ತು ಡಬ್ಬಿಗೆ 20. ಲಂಗರು, ಹಗ್ಗ, ಹುಟ್ಟು, ಜಾಕೆಟ್‌ಗಳಿಗೆ 25. ಉಳಿದದ್ದು 410. ಮಾರುವವರು "ಆರು ಸೀಟಿಂದು" ಅಂತಾರೆ. 65ರಂತೆ ಆರು ಮಂದಿಗೆ 390 ಹೋದರೆ ಬಾಕಿ 20 ಕೆಜಿ. ಬುತ್ತಿ ಗಂಟು, ಕುಡಿಯೋ ನೀರಿಗೆ ಸರಿಹೋಯ್ತು. ಒಂದು ಚೀಲ ಏರಬೇಕಂದ್ರೆ ಒಬ್ಬರು ಇಳೀಬೇಕು. ಇಳಿಸೋದು ಕಷ್ಟ ನೋಡ್ರಿ. ಸಂಜೆ ಕತ್ತಲಾಗ್ತಿರ್ತದೆ, ಎಲ್ಲರಿಗೂ ಮನಿ ಸೇರೋ ಅವಸರ, "ಒಬ್ಬರೇ ಅಲ್ಲೇನು, ಹತ್ತ್ರಿ" ಅಂತಾರೆ.

2020ರ ಆಗಸ್ಟ್‌ನಲ್ಲಿ ಕುರ್ವಕಲಾ ನಡುಗಡ್ಡೆಯ ಜನ ದಾಟುತ್ತಿದ್ದ ತೆಪ್ಪ ಮಗುಚಿದಾಗ ಅದರಲ್ಲಿ 13 ಜನ ಇದ್ದರು. ಹೋಗುತ್ತಿದ್ದದ್ದು ಆಚೆ ದಂಡೆಗೆ, ಮನೆ ಸಾಮಾನಿಗಾಗಿ. ನಾಲ್ವರು ನೀರುಪಾಲಾದರು. ತೆಪ್ಪದ ಬದಲು ಎಂಜಿನ್ ದೋಣಿ ಬಂದರೆ ಇದು ತಪ್ಪುತ್ತದೆ ಅನ್ನೋ ಭರವಸೆ ಹಲವರಿಗಿದೆ. ಆದರೆ ಎಂಜಿನ್ ಇದೆ ಅಂತಲೇ ಇನ್ನಿಬ್ಬರನ್ನು ಹತ್ತಿಸಿದರೆ ಅಪಾಯ ಹೆಚ್ಚೇ ಆಗುತ್ತದೆ. ಹೊಳೆ ಉಕ್ಕಿದ ದಿನ ಎಂಜಿನ್, ತರಬೇತಿ ಎರಡೂ ಇದ್ದರೂ ಗೆಲುವು ಖಾತ್ರಿ ಇಲ್ಲ. 2019ರ ಆಗಸ್ಟ್‌ನಲ್ಲಿ ಆನೆಗೊಂದಿ ಹತ್ತಿರದ ವಿರೂಪಾಪುರ ಗಡ್ಡೆಯಲ್ಲಿ ರಕ್ಷಣೆಗೆ ಹೋದ ದೋಣಿಯೇ ತುಂಗಭದ್ರೆಯಲ್ಲಿ ಮಗುಚಿತ್ತು.

ಕೂರುವ ಎತ್ತರ

ನಮ್ಮ ತೆಪ್ಪ ಹಾಕುವ ಅಂಬಿಗರು ಜನರನ್ನು ಹೇಗೆ ಕೂರಿಸ್ತಾರೆ ಅಂತ ಗಮನಿಸಿದ್ದೀರಾ? ಎಲ್ಲರೂ ತಳದಲ್ಲಿ, ಅಂಚಿಗೆ ಬೆನ್ನು ಕೊಟ್ಟು, ಸುತ್ತ ಕುಕ್ಕರಗಾಲಲ್ಲಿ. ಎದ್ದು ನಿಂತರೆ ಬೈತಾರೆ. ಭಾರ ತಗ್ಗಿನಲ್ಲಿದ್ದಷ್ಟೂ ದೋಣಿ ಗಟ್ಟಿ. ದೋಣಿ ಕಟ್ಟುವ ಎಂಜಿನಿಯರು ಲೆಕ್ಕ ಬರೆದು ಹೇಳೋದೂ ಅದನ್ನೇ.

ಮೋಟಾರ್ ದೋಣಿಗಳಲ್ಲಿ ಮೂರು ಥರದ ಸೀಟು ಕಾಣ್ತವೆ. ಒಂದು, ಬೈಕಿನ ಹಾಗೆ ಕಾಲು ಎರಡೂ ಕಡೆ ಹಾಕಿ ಕೂರುವ ಸೀಟು. ಜೋರಾಗಿ ಓಡುವ ರಕ್ಷಣಾ ದೋಣಿಗೆ ಅದು ಸರಿ. ದೋಣಿ ಎಗರಿದಾಗ ಮೊಣಕಾಲು ಹೊಡೆತ ತಡೀತದೆ. ಆದರೆ ಸೀರೆ ಉಟ್ಟ ಹೆಣ್ಣಾಳು, ವಯಸ್ಸಾದವರು ಅದರಲ್ಲಿ ಹೇಗೆ ಕೂರಬೇಕು? ಎರಡು, ದೋಣಿಯ ಎರಡೂ ಅಂಚಿಗೆ ಉದ್ದಕ್ಕೆ ಹಾಕಿದ ಬೆಂಚು. ಟಂಟಂ ಗಾಡಿಯ ಹಿಂದೆ ಇರೋ ಹಂಗೆ. ನೋಡಲು ಜಾಗ ಜಾಸ್ತಿ ಕಾಣ್ತದೆ. ಆದರೆ ಒಂದು ಕಡೆಯವರು ಏನೋ ನೋಡಲು ಆ ಕಡೆ ಸರಿದರೆ ದೋಣಿ ಅತ್ತ ವಾಲುತ್ತದೆ, ವಾಲಿದ ಕಡೆಗೇ ಉಳಿದವರೂ ಜಾರುತ್ತಾರೆ. ಮೂರು, ಅಡ್ಡ ಹಲಗೆ. ಈ ಅಂಚಿನಿಂದ ಆ ಅಂಚಿಗೆ, ತಳದಿಂದ ಒಂದು ಅಡಿ ಎತ್ತರದೊಳಗೆ. ಜನ ನಡುವೆ ಕೂರುತ್ತಾರೆ, ಹಲಗೆ ದೋಣಿಯ ಪಕ್ಕೆಗಳನ್ನೂ ಬಿಗಿ ಹಿಡೀತದೆ. ನಮಗೆ ಇದೇ ಸೈ.

ಅಡ್ಡ ಹಲಗೆಯ ಕೆಳಗೆ ಮುಚ್ಚಿದ ಪೆಟ್ಟಿಗೆ ಇರ್ತದೆ. ಒಳಗೆ ತೇಲುವ ಫೋಮ್ ತುಂಬಿದೆಯೋ, ಬರೀ ಟೊಳ್ಳೋ ಅಂತ ಕೇಳಲೇಬೇಕು. ಫೋಮ್ ಇದ್ದರೆ ದೋಣಿಯೊಳಗೆ ನೀರು ತುಂಬಿದರೂ ಅದು ಪೂರ್ತಿ ಮುಳುಗದು, ಹಿಡಿದುಕೊಂಡು ತೇಲಬಹುದು. ಟೊಳ್ಳು ಪೆಟ್ಟಿಗೆ ಒಂದು ಬಿರುಕು ಬಿಟ್ಟರೆ ಮುಗೀತು. ಮಾಲು ಸಾಗಿಸುವವರು ನಡುವಿನ ಹಲಗೆ ಬೋಲ್ಟ್ ಬಿಚ್ಚಿ ತೆಗೆಯುವಂಥದ್ದು ಕೇಳಿ ಪಡೀರಿ. ಚೀಲ ತಳದಲ್ಲಿ, ನಟ್ಟನಡುವೆ, ಮಲಗಿಸಿ ಇಡಬೇಕು. ಹಲಗೆ ಮೇಲೆ ಒಟ್ಟಬಾರದು. ಆಡು ಕುರಿ ಇದ್ದರೆ ಕಾಲು ಕಟ್ಟಿ ತಳದಲ್ಲೇ. ಎಲ್ಲ ಹತ್ತಿದ ಮೇಲೆ ಅಂಚಿನಿಂದ ನೀರಿಗೆ ಒಂದು ಅಡಿ ಉಳಿದಿದೆಯಾ ನೋಡಿ, ಇಲ್ಲದಿದ್ದರೆ ಭಾರ ಇಳಿಸಿ.

ಹಿಂದೆ ಮುಂದೆ ಭಾರದ ಮಾತೂ ಇದೆ. ಎಲ್ಲರೂ ಎಂಜಿನ್ ಹತ್ತಿರ ಹಿಂದೆ ಕೂತರೆ ಮೂಗು ಎದ್ದು ಮುಂದಿನ ಬಂಡೆ ಕಾಣೋದಿಲ್ಲ, ಹಿಂಬದಿಯಿಂದ ನೀರು ನುಗ್ಗುತ್ತದೆ. ಎಲ್ಲರೂ ಮುಂದೆ ಹೋದರೆ ಮೂಗು ನೀರಿಗೆ ಕುತ್ತುತ್ತದೆ. ಜೆಟ್ ದೋಣಿಯಲ್ಲಾದರೆ ಹಿಂದಿನ ಪಂಪು ನೀರಿನ ಬದಲು ಗಾಳಿ ಎಳೆದು ಎಂಜಿನ್ ಬರೀ ಕೂಗುತ್ತದೆ, ದೋಣಿ ಮುಂದಕ್ಕೆ ಹೋಗೋದಿಲ್ಲ.

ಜೆಟ್ ಹುಟ್ಟಿದ್ದೂ ರೈತನ ಹೊಳೆಯಲ್ಲೇ, ಆದರೆ ಆ ಹೊಳೆ ಬೇರೆ

ಜೆಟ್ ದೋಣಿಯನ್ನು ರೂಪಿಸಿದವನು ನ್ಯೂಜಿಲೆಂಡಿನ ಒಬ್ಬ ಕುರಿ ಸಾಕುವ ರೈತ, ವಿಲಿಯಂ ಹ್ಯಾಮಿಲ್ಟನ್. 1950ರ ದಶಕ. ಅವನ ಸೀಮೆಯ ಹೊಳೆಗಳು ಹತ್ತು ಕವಲಾಗಿ, ಮೊಣಕಾಲುದ್ದ ನೀರಿನಲ್ಲಿ ಉರುಟು ಜಲ್ಲಿ ಮೇಲೆ ಹರಿಯುವಂಥವು. ಪಂಕ ಕೆಳಗೆ ಇಳಿಬಿಟ್ಟರೆ ಮುರೀತಿತ್ತು. ಅದಕ್ಕೆ ಪಂಕವನ್ನೇ ದೋಣಿಯ ಹೊಟ್ಟೆಯೊಳಗೆ ಇಟ್ಟ. ತಳದ ಜಾಲರಿಯಿಂದ ನೀರು ಎಳೆದು ಹಿಂದೆ ಕೊಳವೆಯಿಂದ ಚಿಮ್ಮಿಸುವುದು. ನಮ್ಮ ಪಂಪ್‌ಸೆಟ್ಟಿನ ಕೆಲಸವೇ, ಪೈಪಿನ ಬಾಯಿ ಹೊಲಕ್ಕಲ್ಲ, ಹಿಂದಕ್ಕೆ. 1977ರಲ್ಲಿ ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ ಮೂರು ಜೆಟ್ ದೋಣಿಗಳಲ್ಲಿ ಗಂಗಾಸಾಗರದಿಂದ ಗಂಗೆಯ ಸೆಳವಿಗೆ ಎದುರಾಗಿ ಹೊರಟು, ನಂದಪ್ರಯಾಗದ ಹತ್ತಿರ ಜಲಪಾತ ಅಡ್ಡ ಬರುವ ತನಕ ಹೋದರು. ಸಣ್ಣ ಸಾಧನೆಯಲ್ಲ.

ಹಾಗಾದರೆ ಕೃಷ್ಣೆಗೆ ಯಾಕೆ ಬೇಡ? ಮೊದಲನೆಯದು ಜಾಲರಿ. ನಮ್ಮ ಹೊಳೆಯಲ್ಲಿ ತೇಲಿ ಬರುವುದು ಅಂತರಗಂಗೆ, ಹರಿದ ಮೀನುಬಲೆ, ಗೊಬ್ಬರದ ಚೀಲ, ಜಾತ್ರೆ ಮುಗಿದ ಮೇಲಿನ ಬಟ್ಟೆ. ಒಂದು ಚೀಲ ಜಾಲರಿಗೆ ಅಂಟಿದರೆ ನಡುಹೊಳೆಯಲ್ಲಿ ಎಳೆತ ನಿಂತುಹೋಗುತ್ತದೆ. ಎರಡನೆಯದು ಮರಳು. ತೆಳು ನೀರಿನಲ್ಲಿ ಪಂಪು ಮರಳನ್ನೂ ಎಳೆದು ಒಳಗಿನ ಪಂಕ, ಅದರ ಸುತ್ತಿನ ಬಳೆ ಎರಡನ್ನೂ ಸವೆಸುತ್ತದೆ. ಸವೆದ ಪಂಪ್‌ಸೆಟ್ ಎಷ್ಟು ನೀರು ಎತ್ತುತ್ತದೆ ಅಂತ ನಿಮಗೇ ಗೊತ್ತು. ಮೂರನೆಯದು ತಳ. ಜೆಟ್ ದೋಣಿ ಜೋರಾಗಿ ಓಡುವಾಗ ಮಾತ್ರ ಗೇಣು ನೀರಿನಲ್ಲಿ ತೇಲುತ್ತದೆ. ನಿಧಾನ ಮಾಡಿದರೆ, ಭಾರ ಹೇರಿದರೆ ಕೆಳಗಿಳಿಯುತ್ತದೆ. ನಮ್ಮಲ್ಲಿ ಕೆಳಗಿರುವುದು ಉರುಟು ಜಲ್ಲಿಯಲ್ಲ, ಕಣಶಿಲೆಯ ಬಂಡೆ.

ಎಲ್ಲಕ್ಕಿಂತ ದೊಡ್ಡ ಮಾತು ಚುಕ್ಕಾಣಿಯದು. ಜೆಟ್ ತಿರುಗುವುದು ಹಿಂದೆ ಚಿಮ್ಮುವ ನೀರಿನ ದಿಕ್ಕು ಬದಲಿಸಿ. ಆಕ್ಸಿಲರೇಟರ್ ಬಿಟ್ಟರೆ ನೀರು ಚಿಮ್ಮದು, ದೋಣಿಯೂ ತಿರುಗದು, ಹೊರಟ ಕಡೆಗೇ ಹೋಗುತ್ತದೆ. ಹೊಸಬರು ಬಂಡೆ ಕಂಡ ಕೂಡಲೇ ಬೈಕಿನ ಅಭ್ಯಾಸದಂತೆ ಆಕ್ಸಿಲರೇಟರ್ ಬಿಡ್ತಾರೆ. ಅಲ್ಲೇ ಅಪಘಾತ.

ಇನ್ನು ಪೆಟ್ರೋಲ್. ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡಿಸಿದರೆ 10 ಎಚ್‌ಪಿ ಫೋರ್ ಸ್ಟ್ರೋಕ್ ಎಂಜಿನ್ ಗಂಟೆಗೆ ಸುಮಾರು 3 ಲೀಟರ್ ಕುಡೀತದೆ. ಅದೇ ಲೆಕ್ಕದಲ್ಲಿ 90 ಎಚ್‌ಪಿಗೆ 28 ಲೀಟರ್ ಹತ್ತಿರ. ಸ್ಪಾರ್ಕಿನ ಟ್ಯಾಂಕೇ 30 ಲೀಟರ್. ಔಟ್‌ಬೋರ್ಡ್ ಎಂಜಿನ್ನಿಗೇ ಜೆಟ್ ಪಂಪು ಜೋಡಿಸಿದ ಮಾದರಿಗಳೂ ಇವೆ. ಆದರೆ 60 ಎಚ್‌ಪಿ ಎಂಜಿನ್ನಿಗೆ ಜೆಟ್ ಹಾಕಿ 'ಜೆಟ್ 40' ಅಂತ ಮಾರುತ್ತಾರೆ, ಮೂರರಲ್ಲಿ ಒಂದು ಪಾಲು ಶಕ್ತಿ ಪಂಪಿನಲ್ಲೇ ಹೋಗುತ್ತದೆ ಅಂತ ಅರ್ಥ. ಒಂದು ಗುಣ ಒಪ್ಪಬೇಕು: ನೀರಿನಲ್ಲಿ ಬಿದ್ದವರಿಗೆ ಹೊರಗೆ ತಿರುಗುವ ಪಂಕ ತಾಗುವ ಭಯ ಇಲ್ಲ. ಅದಕ್ಕೇ ರಕ್ಷಣಾ ಪಡೆಗೆ ಜೆಟ್ ಒಪ್ಪುತ್ತದೆ. ಅವರಿಗೆ ತರಬೇತಿ, ಮೆಕ್ಯಾನಿಕ್, ಸರ್ಕಾರದ ಪೆಟ್ರೋಲ್ ಮೂರೂ ಇರ್ತವೆ.

ನಮಗೆ ಉಳಿಯುವ ಎರಡು ಎಂಜಿನ್

ಮೊದಲನೆಯದು ಔಟ್‌ಬೋರ್ಡ್. ದೋಣಿಯ ಹಿಂಬದಿ ಹಲಗೆಗೆ ತಗುಲಿಸುವ ಎಂಜಿನ್. ಯಮಹಾ, ಸುಜುಕಿ, ಹೋಂಡಾ, ಮರ್ಕ್ಯುರಿ ಇವೆ. ಕರಾವಳಿಯ ನಾಡದೋಣಿಗಳಲ್ಲಿ ಸೀಮೆಎಣ್ಣೆಯ ಔಟ್‌ಬೋರ್ಡ್ ಓಡ್ತವೆ. ಅದನ್ನು ನೋಡಿ ನೀವೂ ಅದೇ ತರಬೇಡಿ. ಅಲ್ಲಿ ಮೀನುಗಾರರಿಗೆ ಸೀಮೆಎಣ್ಣೆ ಸಿಗುವ ವ್ಯವಸ್ಥೆ ಇದೆ, ಇಲ್ಲಿಲ್ಲ. ಫೋರ್ ಸ್ಟ್ರೋಕ್ ಪೆಟ್ರೋಲ್, 8ರಿಂದ 10 ಎಚ್‌ಪಿ ತಗೊಳ್ಳಿ. ಟೂ ಸ್ಟ್ರೋಕ್ ಹಗುರ ನಿಜ, ಆದರೆ ಪೆಟ್ರೋಲ್ ಜೊತೆ ಆಯಿಲ್ ಬೆರೆಸಬೇಕು, ಕುಡಿಯೋದೂ ಜಾಸ್ತಿ. ಕಾಲಿನ ಉದ್ದ 15 ಇಂಚಿಂದು, 20 ಇಂಚಿಂದು ಅಂತ ಎರಡು ಬರ್ತವೆ. ದೋಣಿಯ ಹಿಂಬದಿ ಹಲಗೆ ಅಳೆದು ಅದಕ್ಕೆ ಕೂಡುವುದನ್ನೇ ತಗೋಬೇಕು. ಇವು ತಂಪಾಗಲು ಹೊಳೆ ನೀರನ್ನೇ ಎಳೀತವೆ. ರಾಡಿ ನೀರಿನಲ್ಲಿ ಒಳಗಿನ ರಬ್ಬರ್ ಇಂಪೆಲ್ಲರ್ ಬೇಗ ಸವೆಯುತ್ತದೆ. ಅದನ್ನು ವರ್ಷಕ್ಕೊಮ್ಮೆ ಬದಲಿಸಿ, ಎಂಜಿನ್ ಬದಿಯಿಂದ ಬರುವ ನೀರಿನ ಎಳೆ ನಿಂತರೆ ತಕ್ಷಣ ಆಫ್ ಮಾಡಿ.

ಎರಡನೆಯದು ಲಾಂಗ್‌ಟೇಲ್, ಉದ್ದ ಬಾಲದ ಎಂಜಿನ್. ನನ್ನ ಒಲವು ಇದರ ಕಡೆ. ಥಾಯ್ಲೆಂಡಿನ ರೈತರು ಕಾಲುವೆಯಲ್ಲಿ ಓಡಿಸುವುದು ಇದನ್ನೇ. ಪವರ್ ವೀಡರ್‌ಗೆ, ಸಣ್ಣ ಪೆಟ್ರೋಲ್ ಪಂಪಿಗೆ ಬರುವ 6.5 ಎಚ್‌ಪಿ ಎಂಜಿನ್ ಇದೆಯಲ್ಲ, ಹೋಂಡಾ ಜಿಎಕ್ಸ್ 200 ಥರದ್ದು, ಅದಕ್ಕೆ ಎರಡು ಎರಡೂವರೆ ಮೀಟರ್ ಶಾಫ್ಟ್ ಜೋಡಿಸಿ ತುದಿಗೆ ಪಂಕ. ಗಾಳಿಯಿಂದಲೇ ತಂಪಾಗುತ್ತದೆ, ರಾಡಿ ನೀರು ಒಳಗೆ ಹೋಗೋದಿಲ್ಲ. ಬಂಡೆ ಬಂದರೆ ಹಿಡಿಕೆ ಕೆಳಗೆ ಒತ್ತಿದರೆ ಸಾಕು, ಪಂಕ ನೀರಿನಿಂದ ಮೇಲೇಳುತ್ತದೆ. ಅಂತರಗಂಗೆ ಸುತ್ತಿಕೊಂಡರೆ ಬಾಲ ಎತ್ತಿ ದೋಣಿಯೊಳಗೆ ಕೂತೇ ಬಿಡಿಸಬಹುದು. ಕೆಟ್ಟರೆ ಮಾನ್ವಿಯಲ್ಲೋ ದೇವದುರ್ಗದಲ್ಲೋ ವೀಡರ್ ರಿಪೇರಿ ಮಾಡುವವರೇ ಮಾಡ್ತಾರೆ. ಬಿತ್ತನೆ ದಿನಗಳಲ್ಲಿ ಬಿಡಿಭಾಗಕ್ಕಾಗಿ ಹೈದರಾಬಾದಿಗೆ ಫೋನ್ ಹಚ್ಚಿ ಕೂರುವ ಕಷ್ಟ ಇಲ್ಲ. ಅವಗುಣ ಎರಡು. ವೇಗ ಸೈಕಲ್ಲಿನಷ್ಟೇ. ಮತ್ತೆ ಹೊರಗೆ ತಿರುಗುವ ಶಾಫ್ಟ್, ಪಂಕ. ಶಾಫ್ಟ್ ಪೂರ್ತಿ ಕೊಳವೆಯೊಳಗೆ ಇರಲೇಬೇಕು, ಸೆರಗು, ಪಂಚೆ ಸಿಕ್ಕರೆ ಎಳ್ಕೊಂಡು ಬಿಡ್ತದೆ. ಜನ ಹತ್ತಿಳಿಯುವಾಗ ಎಂಜಿನ್ ಬಂದ್.

ಯಾವುದೇ ಎಂಜಿನ್ ಇರಲಿ, ನಡೆಸುವವರ ಮಣಿಕಟ್ಟಿಗೆ ಕಟ್ಟುವ ಕೆಂಪು ದಾರದ ಸ್ವಿಚ್ ಇರಬೇಕು. ನಡೆಸುವವರು ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ. ತೆಪ್ಪಕ್ಕೆ ಮಾತ್ರ ಎಂಜಿನ್ ಕಟ್ಟಲು ಹೋಗಬೇಡಿ. ದುಂಡಗಿನ ಬುಟ್ಟಿಗೆ ಹಿಂದು ಮುಂದು ಇಲ್ಲ, ಒಂದು ಅಂಚಿಗೆ ತಳ್ಳು ಕೊಟ್ಟರೆ ಅದು ಗಿರಕಿ ಹೊಡೀತದೆ, ಎಂಜಿನ್ ಭಾರಕ್ಕೆ ಅದೇ ಅಂಚು ತಗ್ಗುತ್ತದೆ.

ಬ್ಯಾಟರಿ ಮೋಟಾರ್ ಬಗ್ಗೆಯೂ ಕೇಳ್ತೀರಿ. 12 ವೋಲ್ಟಿನ ಸಣ್ಣ ಮೋಟಾರ್ ಪೂರ್ತಿ ಓಡಿದರೆ 50 ಆಂಪಿಯರ್ ತಿನ್ನುತ್ತದೆ, 100 ಎಎಚ್ ಬ್ಯಾಟರಿ ಎರಡು ಗಂಟೆಯೂ ಬಾಳದು. ಗೂಗಲ್ ಬ್ಯಾರೇಜಿನ ಹಿಂದಿನ ನಿಂತ ನೀರಿನಲ್ಲಿ ಬಲೆ ನೋಡಲು ನಡೀತದೆ, ಸೆಳವು ದಾಟಲು ಅಲ್ಲ.

ದುಡ್ಡು ಕೊಡುವ ಮೊದಲು ಹೊಳೆ ಅಳೆಯಿರಿ

ಒಂದು ಬಿದಿರು ಗಳಕ್ಕೆ ಅಡಿ ಅಡಿಗೂ ಬಣ್ಣದ ಗುರುತು ಹಾಕಿ, ನಿಮ್ಮೂರ ಅಂಬಿಗರ ಜೊತೆ ತೆಪ್ಪದಲ್ಲಿ ದಾಟುವ ದಾರಿಯುದ್ದಕ್ಕೂ ಆಳ ನೋಡಿ. ಮೊಬೈಲಿನಲ್ಲಿ ಲೊಕೇಶನ್ ಜೊತೆ ಬರೆದಿಡಿ. ಬೇಸಿಗೆಯಲ್ಲೊಮ್ಮೆ, ದೀಪಾವಳಿ ಆದಮೇಲೊಮ್ಮೆ. ದೇವದುರ್ಗ, ಮಾನ್ವಿ ಕಡೆ ಮರಳು ತೆಗೆದ ಗುಂಡಿಗಳಿಂದಾಗಿ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳೆತ್ತರದ ಮಡು ಇರ್ತದೆ, ಹೋದ ವರ್ಷದ ದಾರಿ ಈ ವರ್ಷ ಇರೋದಿಲ್ಲ. ಅರ್ಧಕ್ಕಿಂತ ಹೆಚ್ಚು ದಾರಿ ಎರಡಡಿಗಿಂತ ತೆಳುವಾಗಿದ್ದರೆ ಲಾಂಗ್‌ಟೇಲ್. ಉದ್ದಕ್ಕೂ ನಾಲ್ಕಡಿ ಸಿಕ್ಕರೆ ಔಟ್‌ಬೋರ್ಡ್. ರಾಜೋಳಿಬಂಡಾ ಅಣೆಕಟ್ಟಿನಂಥ ಒಡ್ಡುಗಳ ಹತ್ತಿರ ಮೇಲ್ಗಡೆಯಾಗಲಿ ಕೆಳಗಡೆಯಾಗಲಿ ದಾರಿ ಹಾಕಬೇಡಿ. ಒಡ್ಡಿನ ಕೆಳಗೆ ನೀರು ಸುರುಳಿ ಸುತ್ತಿ ದೋಣಿಯನ್ನು ಒಡ್ಡಿಗೇ ಎಳೀತದೆ.

ನಡೆಸುವ ಕೆಲಸ ಆ ಅಂಬಿಗರಿಗೇ ಕೊಡಿ ಅನ್ನೋದು ನನ್ನ ಮಾತು. ಎಂಜಿನ್ ಒಂದು ವಾರದಲ್ಲಿ ಕಲೀಬಹುದು, ನೀರಿನ ಮೇಲಿನ ಸುಕ್ಕು ನೋಡಿ ಕೆಳಗಿನ ಬಂಡೆ ಹೇಳೋದು ವಾರದಲ್ಲಿ ಬರೋದಿಲ್ಲ.

ಕಾಗದದ ಕೆಲಸವೂ ಇದೆ. ಎಂಜಿನ್ ಹಾಕಿದ ಒಳನಾಡು ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ಸರ್ವೆ ಪ್ರಮಾಣಪತ್ರ, ನೋಂದಣಿ, ವಿಮೆ ಬೇಕು. ರಾಜ್ಯದಲ್ಲಿ ಕರ್ನಾಟಕ ಮ್ಯಾರಿಟೈಮ್ ಬೋರ್ಡ್ ಇದನ್ನು ನೋಡುತ್ತದೆ. ಆಳುಗಳಿಂದ ದುಡ್ಡು ತಗೊಂಡು ದಾಟಿಸುವುದಾದರೆ ಇದನ್ನು ಬಿಟ್ಟು ಹೊಳೆಗೆ ಇಳಿಯಬೇಡಿ. ನಿಮ್ಮ ಗುಂಪಿನಲ್ಲಿ ಮೀನುಗಾರರ ಸಹಕಾರ ಸಂಘದ ಸದಸ್ಯರಿದ್ದರೆ ರಾಯಚೂರಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಅವರನ್ನೂ ಕರೆದುಕೊಂಡು ಹೋಗಿ. ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿ ಘಟಕಗಳಿಗೆ ಸಾಮಾನ್ಯ ವರ್ಗಕ್ಕೆ 40%, ಪರಿಶಿಷ್ಟರು ಮತ್ತು ಮಹಿಳೆಯರಿಗೆ 60% ಸಹಾಯಧನದ ಲೆಕ್ಕ ಇದೆ. ದೋಣಿಗೆ ಈ ವರ್ಷ ಗುರಿ ಬಂದಿದೆಯಾ ಅಂತ ಕೇಳಿಯೇ ಕೊಟೇಶನ್ ತರಿಸಿ. ಬರೀ ರೈತರ ಗುಂಪಿಗೆ ಮೀನುಗಾರರ ಸಹಾಯಧನ ಸಿಗೋದಿಲ್ಲ.

ಜಾಕೆಟ್ ಕೊಳ್ಳುವಾಗ ಒಳಗಿನ ಚೀಟಿ ಓದಿ. 50 ನ್ಯೂಟನ್ ಅಂತ ಇದ್ದರೆ ಅದು ಈಜು ಬಲ್ಲವರಿಗೆ. ಈಜು ಬಾರದವರಿಗೆ ಕನಿಷ್ಠ 100 ನ್ಯೂಟನ್, ಕುತ್ತಿಗೆ ಹಿಂದೆ ತೇಲುವ ಪಟ್ಟಿ ಇರುವಂಥದ್ದು, ಮುಖ ಮೇಲಾಗಿ ಹಿಡಿಯುತ್ತದೆ. ಮಕ್ಕಳದ್ದು ಬೇರೆ ಅಳತೆ, ಕಾಲ ನಡುವೆ ಹಾಯುವ ಪಟ್ಟಿ ಇರಲಿ. ಹಲಗೆ ಕೆಳಗೆ ಒಟ್ಟಿದ ಜಾಕೆಟ್ ಕೆಲಸಕ್ಕೆ ಬಾರದು, ಹತ್ತುವ ಮೊದಲು ಹಾಕಿಸಿ.

ಮಳೆಗಾಲದಲ್ಲಿ ನಾರಾಯಣಪುರ ಜಲಾಶಯದ ಹೊರಹರಿವನ್ನು ದಿನಾ ಬೆಳಿಗ್ಗೆ ನೋಡಿ. ಮಾನ್ವಿ ಕಡೆಯವರು ತುಂಗಭದ್ರಾ ಜಲಾಶಯದ್ದು. ಹೂವಿನಹೆಡಗಿ ಸೇತುವೆಗೆ ನೀರು ತಾಗುವ ಹಂತ ಬಂತು ಅಂದ್ರೆ ಆ ದಿನ ಯಾವ ದೋಣಿಯೂ ಇಳಿಯಬಾರದು, ಜೆಟ್ ಆದರೂ ಅಷ್ಟೇ. ಸುದ್ದಿ ಕೊಟ್ಟೇ ನೀರು ಬರ್ತದೆ ಅಂತಲೂ ನಂಬಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದು ಯಾರಿಗೂ ಮುಂಚೆ ಹೇಳಿ ಅಲ್ಲ. ಸಂಜೆ ಕೆಲಸ ಮುಗಿದ ಮೇಲೆ ಎಂಜಿನ್ ಬಿಚ್ಚಿ ಮನೆಗೆ ಒಯ್ಯಿರಿ, ದೋಣಿಯನ್ನು ದಂಡೆಯ ಮೇಲಕ್ಕೆ ಎಳೆದು, ಹಿಂದಿನ ಪ್ರವಾಹದ ಕಸ ಸಿಕ್ಕಿಕೊಂಡ ಗುರುತಿಗಿಂತ ಎತ್ತರದ ಮರಕ್ಕೆ ಕಟ್ಟಿ.